ಆಯುಧಪೂಜೆಗೆ ಮಲಗಿಸಿದ ಬಿಲ್ಡ್

ಆ ದಿನ ಒಡೆದದ್ದು ಬೂದುಗುಂಬಳವೋ ತೆಂಗಿನಕಾಯಿಯೋ, ಆಣೆ ಮಾಡಿ ಹೇಳಲಾರೆ. ಕಣ್ಣಿಗೆ ಎರಡೂ ಕಾಣುತ್ತವೆ; ಒಂದು ಬೇರೆ ವರ್ಷದಿಂದ ಬಂದು ಸೇರಿಕೊಂಡಿರಬೇಕು. ಬಿಲ್ಡ್ ಕೆಟ್ಟದ್ದು ಮಾತ್ರ ಅದೇ ದಿನ.

ತೊಂಬತ್ತರ ದಶಕದ ಕೊನೆ. ಇಂದಿರಾನಗರದ ಒಂದು ಮನೆಯ ಮೇಲಂತಸ್ತಿನಲ್ಲಿ ನಮ್ಮ ಆಫೀಸು. ಕೆಳಗೆ ಮನೆಯ ಯಜಮಾನರು, ಆ ರಸ್ತೆ ಹುಟ್ಟುವ ಮುಂಚೆ ಅದೇ ಜಾಗದಲ್ಲಿ ರಾಗಿ ಬೆಳೆದವರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾಲ್ಕಕ್ಕೆ ಜರ್ಮನಿಯ ಗಿರಾಕಿಗಳು ಬರುತ್ತಾರೆ, ಅಷ್ಟರಲ್ಲಿ ಪ್ರೋಗ್ರಾಂ ಓಡದಿದ್ದರೆ ಬೇರೆ ಕಡೆ ನೋಡಿಕೊ ಎಂದಿದ್ದರು ಬಾಸ್. ಜರ್ಮನಿಯವರಿಗೆ ಎಲ್ಲಿಯ ಆಯುಧಪೂಜೆ.

ಸಾವಿರಾರು ಕಡತಗಳನ್ನು ಒಂದೊಂದಾಗಿ ಯಂತ್ರದ ಭಾಷೆಗೆ ತಿರುಗಿಸಿ ಕೊನೆಗೆ ಜೋಡಿಸಲು ನಮ್ಮ ಯುನಿಕ್ಸ್ ಕಂಪ್ಯೂಟರ್ ಪೆಟ್ಟಿಗೆಗೆ ಆರು ಗಂಟೆ ಬೇಕು; ಈ ಕೆಲಸಕ್ಕೇ ಬಿಲ್ಡ್ ಎನ್ನುವುದು. ಎಂಟಕ್ಕೆ ಶುರು ಮಾಡಿದ್ದೆ. ಹನ್ನೊಂದಕ್ಕೆ ಯಜಮಾನರು ಕುಂಕುಮದ ತಟ್ಟೆ ಹಿಡಿದು ಮೇಲೆ ಬಂದರು.

"ಏನಪ್ಪಾ, ಇದಿನ್ನೂ ಓಡ್ತಾ ಐತೆ? ಪೂಜೆ ಟೈಮಲ್ಲಿ ಆಯುಧ ನಿಲ್ಲಿಸ್ಬೇಕು."

ಕಂಟ್ರೋಲ್ ಮತ್ತು ಸಿ ಒತ್ತಿದರೆ ಬಿಲ್ಡ್ ಮರ್ಯಾದೆಯಿಂದ ನಿಲ್ಲುತ್ತದೆ. ಅರ್ಧ ಬರೆದ ಕಡತವನ್ನು ತಾನೇ ಅಳಿಸಿ ಹೋಗುತ್ತದೆ. ಮತ್ತೆ ಹಚ್ಚಿದರೆ ಉಳಿದದ್ದನ್ನಷ್ಟೇ ಮಾಡುತ್ತದೆ. ಆದರೆ ದೊಡ್ಡ ಕಡತವೊಂದು ಮುಕ್ಕಾಲು ಮುಗಿದಿತ್ತು, ಬಿಡಲು ಮನಸ್ಸಾಗಲಿಲ್ಲ. ಕಂಟ್ರೋಲ್ ಮತ್ತು ಝಡ್ ಒತ್ತಿ ಇದ್ದಲ್ಲೇ ಮಲಗಿಸಿದೆ.

"ನಿಲ್ಸಿದೀನಿ ಯಜಮಾನ್ರೇ."

ಅವರು ಪೆಟ್ಟಿಗೆಗೆ ಕಿವಿಯಿಟ್ಟರು. "ಉಸಿರಾಡ್ತಾ ಐತಲ್ಲಪ್ಪಾ."

"ಅದು ಫ್ಯಾನು. ಮಲಗಿದೆ ಅಷ್ಟೇ."

"ಮಲಗಿರೋದಕ್ಕೆ ಯಾರಾದ್ರೂ ಕುಂಕುಮ ಇಡ್ತಾರಾ?" ಎಂದು ಮೇನ್ ಸ್ವಿಚ್ ಎಳೆದರು. ಯುಪಿಎಸ್ ಕೀಚಲು ದನಿಯಲ್ಲಿ ಕೂಗತೊಡಗಿತು. "ಇದ್ಯಾಕೆ ಅಳ್ತದೆ?" ಅದರ ಗುಂಡಿಯನ್ನೂ ಒತ್ತಿದರು.

ಪೂಜೆಯಾಯಿತು, ಕಡಲೆಪುರಿ ತಿಂದೆವು, ಮತ್ತೆ ಹಚ್ಚಿದೆ. ಕಡತದ ಮೇಲಿನ ವೇಳೆ ಹೊಸದಾಗಿದ್ದರೆ ಅದು ಮುಗಿದಿದೆ ಎಂದೇ ಬಿಲ್ಡ್ ನಂಬುತ್ತದೆ. ಒಳಗೇನಿದೆ ಎಂದು ನೋಡುವುದಿಲ್ಲ. ನನ್ನ ನೆನಪಿನದೂ ಅದೇ ಚಾಳಿ. ಬಿಲ್ಡ್ ಆ ಮುಕ್ಕಾಲು ಕಡತವನ್ನು ದಾಟಿ ಸುಮ್ಮನೆ ಮುಂದೆ ಹೋಗಿ, ಎರಡೂವರೆಗೆ ಕೊನೆಯ ಜೋಡಣೆಯಲ್ಲಿ ಮುಗ್ಗರಿಸಿತು.

"ಎಲ್ಲಾ ಅಳಿಸಿ ಮೊದ್ಲಿಂದ ಮಾಡು," ಎಂದರು ಬಾಸ್.

"ಎಂಟೂವರೆ ಆಗುತ್ತೆ ಸಾರ್."

"ಒಳ್ಳೇದು, ನಿನ್ನ ಬೀಳ್ಕೊಡುಗೆ ಊಟಕ್ಕೆ ಸರಿಯಾಗುತ್ತೆ."

ಎಲ್ಲಾ ಅಳಿಸುವ ಬದಲು, ಕಡತಗಳನ್ನು ಅವು ಹುಟ್ಟಿದ ಹೊತ್ತಿನ ಪ್ರಕಾರ ಪಟ್ಟಿ ಮಾಡಿದೆ. ಕರೆಂಟು ಹೋಗುವ ಮುಂಚಿನ ಕೆಲವು ನಿಮಿಷಗಳಲ್ಲಿ ಹುಟ್ಟಿದವನ್ನೆಲ್ಲ, ತಪ್ಪು ಮಾಡಿದವು ಮಾಡದವು ಎನ್ನದೆ, ಅಳಿಸಿ ಮತ್ತೆ ಹಚ್ಚಿದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಓಡಿತೆಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಜರ್ಮನಿಯವರು ಕಾದು ಕೂತು ನಮ್ಮ ಕಡಲೆಪುರಿ ಖಾಲಿ ಮಾಡಿದ್ದೂ ನೆನಪಿದೆ. ಎರಡೂ ನಿಜವಿರಲಾರವು. ಕೆಲಸ ಉಳಿಯಿತು, ಅದಕ್ಕೆ ಖಾಯಂ ಮಾಡಿದ ಪತ್ರವಿದೆ.

ಮುಂದಿನ ವರ್ಷ ಯಜಮಾನರು ಮೆಟ್ಟಿಲ ಬುಡದಿಂದಲೇ ಕೂಗಿದರು: "ಮಲಗೈತೋ, ಸತ್ತೈತೋ?"

ಕಂಟ್ರೋಲ್ ಮತ್ತು ಸಿ ಒತ್ತಿ, ನಾನೇ ಪೆಟ್ಟಿಗೆ ಆರಿಸಿದೆ. "ಸತ್ತಿದೆ ಯಜಮಾನ್ರೇ."

"ಹಂಗಾರೆ ಬಂದೆ ಇರು, ಕುಂಕುಮ ಇಡಾನ."