ಓಲಗಕ್ಕೆ ಹಿಡಿದ ಸೂತಕ

ನನ್ನ ಗಂಡನ ನಾಗಸ್ವರಕ್ಕೆ ಮತ್ತೆ ದನಿ ಬಂದದ್ದು ಸತ್ತ ಮಾವನ ಆಶೀರ್ವಾದದಿಂದಲ್ಲ, ನನ್ನ ತವರಿನ ಒಳ್ಳೆಣ್ಣೆಯಿಂದ, ಗಾಣದ ಎಳ್ಳೆಣ್ಣೆಯಿಂದ. ಊರೆಲ್ಲ ಬೇರೆ ಹೇಳುತ್ತೆ. ಹೇಳಿಕೊಳ್ಳಲಿ. ಎಣ್ಣೆ ಹಚ್ಚಿದ ಕೈ ನನ್ನದು.

ನಮ್ಮದು ಮುಳಬಾಗಿಲು ಕಡೆಯ ಓಲಗದ ಮನೆ. ಮಾವ ಇರುವವರೆಗೆ ಆ ಮರದ ಕೊಳವೆಯನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಒರೆಸುವುದು, ಎಣ್ಣೆ ಹಚ್ಚುವುದು ಎಲ್ಲ ಅವರೇ. ಅವರು ಹೋದರು. ವರ್ಷ ತುಂಬುವ ತನಕ ಓಲಗ ಊದಬಾರದು ಅಂತ ಪದ್ಧತಿ. ಅದು ಸರಿ. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ತಲೆಗೆ ಎಣ್ಣೆ ಮುಟ್ಟಿಸುವುದನ್ನು ನಿಲ್ಲಿಸಿದ ಹಾಗೆ ಓಲಗಕ್ಕೂ ನಿಲ್ಲಿಸಿದರು. ಯಜಮಾನ ಸತ್ತ ಮೇಲೆ ಅದಕ್ಕೂ ಸೂತಕವಂತೆ. ಬಟ್ಟೆ ಸುತ್ತಿಸಿ ಒಲೆಯ ಮೇಲಿನ ತೊಲೆಗೆ ಕಟ್ಟಿಸಿದರು. ಬೇಸಿಗೆ ಪೂರ್ತಿ ಅದು ಬೆಂಕಿಯ ಝಳಕ್ಕೆ ಒಣಗಿತು.

ವರ್ಷದ ಕಾರ್ಯ ಮುಗಿಯಿತು. ಹುಣ್ಣಿಮೆ ಕಳೆದ ಮೇಲೆ ಮುಳಬಾಗಿಲಿನ ದೊಡ್ಡ ಮನೆಯಲ್ಲಿ ಮದುವೆ. ಮಾವನ ಅಪ್ಪನ ಕಾಲದಿಂದ ಆ ಮನೆಗೆ ನಮ್ಮದೇ ಓಲಗ. ಈ ಸಲ ಕೆಟ್ಟರೆ ಅದು ನಂಗಲಿ ಮೇಳದವರ ಪಾಲು. ಅವರು ಕಾದೇ ಇದ್ದರು.

ಗಂಡ ಓಲಗ ಇಳಿಸಿ ಊದಿದರು. ಗಾಳಿ ಬಂತು, ಸ್ವರ ಬರಲಿಲ್ಲ. ಬಾಯಿಗಿಡುವ ಪೀಪಿ ಬದಲಾಯಿಸಿ ಊದಿದರು. ಕೋಳಿಯ ಕತ್ತು ಹಿಚುಕಿದ ಹಾಗೆ ಒಂದು ಕೀರಲು.

"ಅಪ್ಪನ ಜತೇಲೇ ಇದರ ಜೀವಾನೂ ಹೋಯ್ತು ಕಣೇ," ಎಂದು ಗೋಡೆಗೆ ಒರಗಿದರು.

ನಾನು ಎತ್ತಿಕೊಂಡು ನೋಡಿದೆ. ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾಲೂರು ಕಡೆಯ ನನ್ನ ತವರಿನಲ್ಲಿ ಮರದ ಗಾಣ. ಎತ್ತು ಕಟ್ಟದೆ ನಿಂತ ಗಾಣಕ್ಕೂ ಅಪ್ಪ ಎಣ್ಣೆ ಉಣಿಸುತ್ತಿದ್ದರು, ಇಲ್ಲದಿದ್ದರೆ ಒರಳು ಬಿರಿಯುತ್ತೆ. ಶಾಲೆಯಲ್ಲಿ ನಾನು ಕೂತದ್ದು ಕಡಿಮೆ, ಗಾಣದ ಮುಂದೆ ಕೂತದ್ದೇ ಬಹಳ.

"ಜೀವ ಎಲ್ಲೂ ಹೋಗಿಲ್ಲ. ಇದಕ್ಕೆ ಬಾಯಾರಿದೆ," ಎಂದೆ.

ಅತ್ತೆ ಧಾವಿಸಿ ಬಂದರು. "ಏಮೇ, ಕೆಳಗಿಡೇ ಅದನ್ನ! ಯುದ್ಧದ ಕಾಲ, ದೀಪಕ್ಕೇ ಎಣ್ಣೆ ಇಲ್ಲ. ನನ್ನ ತಲೆಗಿಲ್ಲದ ಎಣ್ಣೆ ಈ ಕೊಳವೆಗ್ಯಾಕೆ?"

"ಅತ್ತೆ, ಸತ್ತಿದ್ದು ಮಾವ. ಓಲಗ ಸತ್ತಿಲ್ಲ."

"ಹೆಂಗಸು ಮುಟ್ಟಿದ್ರೆ ಅದು ಹಾಡುತ್ತೇನೇ?"

"ಮುಟ್ಟದೆ ಇದ್ದಾಗ ಏನ್ ಹಾಡ್ತು?"

ಗಂಡನಿಗೆ ನಗು ಬಂತು. "ಹಚ್ಚಲಿ ಬಿಡಮ್ಮ. ಇದಕ್ಕಿಂತ ಕೆಡೋದೇನಿದೆ?"

ತವರಿನಿಂದ ತಂದಿದ್ದ ಎಣ್ಣೆಯ ಬಟ್ಟಲನ್ನು ಬಿಸಿಲಿಗಿಟ್ಟೆ, ಒಲೆಗಲ್ಲ. ಹುಂಜದ ಪುಕ್ಕವನ್ನು ಕಡ್ಡಿಯ ತುದಿಗೆ ಕಟ್ಟಿ, ಎಣ್ಣೆಗೆ ಅದ್ದಿ ಕೊಳವೆಯ ಒಳಗೆ ಆಡಿಸಿದೆ. ಹೊರಮೈಗೆ ಅಂಗೈಯಿಂದಲೇ ತಿಕ್ಕಿದೆ. ಸುರಿಯಬಾರದು, ಸುರಿದರೆ ತೂತುಗಳಲ್ಲಿ ಜಿಡ್ಡು ಕೂರುತ್ತೆ. ಮರ ಕುಡಿದಷ್ಟು ಕೊಟ್ಟು, ಮಿಕ್ಕಿದ್ದನ್ನು ಹಳೆಯ ಸೀರೆಯ ತುಂಡಿನಿಂದ ಒರೆಸಿ, ರಾಗಿ ಮೂಟೆಗಳ ಹಿಂದೆ ತಂಪಿನಲ್ಲಿಟ್ಟೆ. ಮಾರನೆಯ ದಿನ ಮತ್ತೆ. ಮೊದಮೊದಲು ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಮಾಯ. ಬರಬರುತ್ತಾ ಎಣ್ಣೆ ಮೇಲೆಯೇ ನಿಂತಿತು, ಮರ ಹುಣಸೆ ಬೀಜದ ಬಣ್ಣಕ್ಕೆ ಬಂತು. ಅತ್ತೆ ದಿನವೂ ಮೂಗು ಮುಚ್ಚಿಕೊಂಡು ಹಾದುಹೋಗುತ್ತಿದ್ದರು. ಆದರೆ ಎಣ್ಣೆ ಗಡಿಗೆಯನ್ನು ಬಚ್ಚಿಡಲಿಲ್ಲ.

ಹೊರಡುವ ಹಿಂದಿನ ದಿನ ಗಂಡ ಮೆಲ್ಲಗೆ ಊದಿ ನೋಡಿದರು. ಸ್ವರ ಬಂತು. ಮದುವೆಯ ಗದ್ದಲದಲ್ಲಿ, ಪೂರಾ ಉಸಿರಿಗೆ ಅದು ತಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಚಪ್ಪರದ ಅಂಚಿನಲ್ಲಿ ನಂಗಲಿ ಮೇಳದ ಹಿರಿಯ ಕೂತಿದ್ದ. ಊಟಕ್ಕೆ ಬಂದವನು ಓಲಗದ ಚೀಲ ಯಾಕೆ ತರಬೇಕು? ಪುರೋಹಿತರು "ಗಟ್ಟಿಮೇಳ!" ಎಂದು ಕೂಗಿದರು. ಗಂಡ ಎದೆ ತುಂಬ ಉಸಿರೆಳೆದು ಊದಿದರು. ದನಿ ಚಪ್ಪರ ದಾಟಿತು, ಬೀದಿ ದಾಟಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ತಾಳಿ ಕಟ್ಟಿ, ಗಂಟು ಬಿಗಿದು, ಅಕ್ಷತೆ ಬೀಳುವವರೆಗೂ ಅದು ಒಮ್ಮೆಯೂ ಒಡೆಯಲಿಲ್ಲ.

ನಂಗಲಿಯವನು ಚೀಲದ ಬಾಯಿ ಬಿಗಿದುಕೊಂಡ. "ಬಾಗುಂದಯ್ಯಾ, ಬಲು ಚೆನ್ನಾಗೈತೆ! ನಿಮ್ಮಪ್ಪನೇ ಎದ್ದು ಬಂದಂಗೈತೆ."

"ಎಲ್ಲಾ ನಮ್ಮ ಯಜಮಾನರ ಆಶೀರ್ವಾದ," ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾನು ಪಾಯಸ ಎರಡು ಸಲ ಬಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಓಲಗವನ್ನು ಜಗಲಿಗೆ ತಂದು, ಬೀದಿಗೆ ಮುಖ ಮಾಡಿ ಕೂತು, ಹೋಗಿ ಬರುವವರೆಲ್ಲ ನೋಡುವ ಹಾಗೆ ಪುಕ್ಕವನ್ನು ಎಣ್ಣೆಗೆ ಅದ್ದಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಬೈಯಲಿಲ್ಲ. ಬಟ್ಟಲಲ್ಲಿ ಸ್ವಲ್ಪ ಎಣ್ಣೆ ಉಳಿಯಿತು. "ಬನ್ನಿ ಇಲ್ಲಿ," ಎಂದು ಅವರನ್ನು ಮೆಟ್ಟಿಲ ಮೇಲೆ ಕೂರಿಸಿ, ಒಣಗಿದ ನೆತ್ತಿಗೆ ಅದನ್ನು ತಟ್ಟಿದೆ.