ಲಕ್ಕಮ್ಮ ಬಿಟ್ಟ ಸಂದೇಶ

ನಿವೃತ್ತನಾದ ಮೇಲೆ ನನ್ನಷ್ಟು ಸುಖಿ ಹಾಸನದಲ್ಲಿ ಇನ್ನೊಬ್ಬನಿಲ್ಲ. ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಸರ್ವರ್ ಪುರಾಣ ಹೇಳುತ್ತೇನೆ. ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ರೈತರು ದನದ ಡಾಕ್ಟರಿಗೆ ಫೋನಿನಲ್ಲಿ ಸಂದೇಶ ಬಿಡುವ ಖಾಸಗಿ ಸೇವೆಯೊಂದರ ಕ್ಲಸ್ಟರ್, ಅಂದರೆ ಒಟ್ಟಿಗೆ ದುಡಿಯುವ ಐದಾರು ಸರ್ವರ್, ನನ್ನ ಕೈಯಲ್ಲಿತ್ತು. ಅಪ್‌ಗ್ರೇಡ್ ಮಾಡುವಾಗ ಒಂದೊಂದನ್ನೇ ಖಾಲಿ ಮಾಡಿ, ಅದರ ಕಂಟೇನರ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಪ್ರೋಗ್ರಾಂ ಗಂಟುಗಳನ್ನು, ಉಳಿದವಕ್ಕೆ ದಾಟಿಸಬೇಕು. ಹೊರಗಿನವರಿಗೆ ಗೊತ್ತೇ ಆಗಬಾರದು, ಅದೇ ನಮ್ಮ ಜಂಬ. ಅಂಥದೊಂದು ಅಪ್‌ಗ್ರೇಡಿನ ಬೆಳಿಗ್ಗೆ ಮೂರನೇ ಸರ್ವರ್ ಖಾಲಿಯಾಗಲು ಒಪ್ಪಲಿಲ್ಲ. ಒಂದು ಕಂಟೇನರಿನ ಡೇಟಾ ಇಲ್ಲಿ ಮಾತ್ರ ಇದೆ, ಖಾಲಿ ಮಾಡಿದರೆ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿತು. ಯಾವುದೋ ಹಳೇ ಕಸ ಅಂದುಕೊಂಡು 'ಅಳಿಸು' ಅಂದೆ.

ಅವು ಡಾಕ್ಟರು ಇನ್ನೂ ಕೇಳದ ಸಂದೇಶಗಳಾಗಿದ್ದವು. ಕರೆ ಬಂದ ನಂಬರುಗಳನ್ನು ಹಿಡಿದು ವಿಚಾರಿಸಿದಾಗ, ಕಟ್ಟಾಯದ ಕಡೆಯ ಲಕ್ಕಮ್ಮನ ಹಸು ಕರು ಹಾಕಲಾರದೆ ಸತ್ತಿದ್ದು ತಿಳಿಯಿತು.

ಅವಳ ಮನೆಗೆ ಹೋದೆ. ಕ್ಷಮೆ ಕೇಳಲು ಬಾಯಿ ಬರದೆ ಪಾಠ ಶುರುಮಾಡಿದೆ: "ಒಂದು ಮಿಷನ್ ನಿಲ್ಲಿಸಿದ್ರೆ ಅದರ ಕೆಲಸ ಇನ್ನೊಂದಕ್ಕೆ ಹೋಗುತ್ತಮ್ಮ."

"ಅಂಗಾರೆ ನಾನ್ ಏಳಿದ್ದು ಯಾವುದುಕ್ಕೆ ಓಯ್ತು ಸಾ?"

ಕೊಟ್ಟಿಗೆಯ ಖಾಲಿ ಗೂಟದ ಕಡೆ ತಿರುಗಿ ಅವಳೇ ಮುಂದುವರಿಸಿದಳು:

"ಮಧ್ಯಾನ್ದ ಗಂಟ ಕಾದೆ ಕಣ್ ಸಾ. ಡಾಕ್ಟ್ರು ಬತ್ತಾವ್ರೆ, ತಸಿ ತಡ್ಕವ್ವಾ ಅಂತ ಅದ್ರ ಕಿವೀಲಿ ಏಳ್ತಾನೇ ಇದ್ದೆ."

ಆಫೀಸಿಗೆ ಮರಳಿ ಅಪ್‌ಗ್ರೇಡ್ ವರದಿ ತೆರೆದೆ. 'ಸೇವೆ ನಿಂತ ಸಮಯ: ಸೊನ್ನೆ ನಿಮಿಷ' ಎಂದಿತ್ತು. ಅದೇನೂ ಸುಳ್ಳಲ್ಲ, ಫೋನು ಎಲ್ಲರ ಕರೆಯನ್ನೂ ಎತ್ತಿತ್ತು. ಆ ಸೊನ್ನೆಗಾಗಿ ಸಾಹೇಬರು ನನಗೆ ಹಾರವನ್ನೂ ಹಾಕಿಸಿದರು.