ಟೇಲರಕ್ಕನಿಗೆ ಕೊಟ್ಟ ಅಂಗಿ ಬಟ್ಟೆ

ಟೇಲರಕ್ಕನ ಬಲಗೈ ಹೆಬ್ಬೆರಳಿನ ಉಗುರು ಉಳಿದವಕ್ಕಿಂತ ಉದ್ದ. ಬಟ್ಟೆಯ ಮೇಲೆ ಆ ಉಗುರಿನಿಂದ ಗೆರೆ ಎಳೆದರೆ ಸಾಕು, ಕತ್ತರಿ ಅದರ ಹಿಂದೆಯೇ ಹೋಗುತ್ತಿತ್ತು. ಮಾತು, ನಗು, ಬೈಗುಳ ಎಲ್ಲವೂ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಗಂಗಾವತಿಯಲ್ಲಿ ನಾನು ವಾರಕ್ಕೆರಡು ದಿನ ಆಪ್ತಸಮಾಲೋಚನೆಗೆ ಕೂರುತ್ತಿದ್ದ ಕೋಣೆಯ ಪಕ್ಕದಲ್ಲೇ ಅವರ ಅಂಗಡಿ. ಹುಟ್ಟಿದಾಗ ಮನೆಯವರು ಗಂಡೆಂದು ತಿಳಿದಿದ್ದರು. ಟೇಲರಕ್ಕ ಬಾಳಿದ್ದು ಹೆಣ್ಣಾಗಿ. ನಾನು ಮೈಸೂರಿನ ಕಡೆಯಿಂದ ಕೊಪ್ಪಳಕ್ಕೆ ಸೊಸೆಯಾಗಿ ಬಂದವಳು. ಬಂದವರನ್ನೆಲ್ಲ "ಖಿನ್ನತೆ ಇದೆಯಾ?" ಎಂದು ಕೇಳಿ ಕಂಗಾಲು ಮಾಡುತ್ತಿದ್ದೆ. ಒಂದು ದಿನ ಚಹಾ ಕುಡಿಯುವಾಗ ಟೇಲರಕ್ಕ ನಕ್ಕರು. "ಅಕ್ಕಾರ, ಹಂಗಂದ್ರ ಮಂದಿಗಿ ಏನ್ ತಿಳೀತೈತ್ರಿ? 'ಜೀವಕ್ಕ ಬ್ಯಾಸರ ಆಗೇತೇನವ್ವಾ' ಅಂತ ಕೇಳ್ರಿ. ಆಮ್ಯಾಲ ಸುಮ್ಮ ಕುಂದರ್ರಿ."

ನನ್ನ ವೃತ್ತಿ ನಿಂತದ್ದೇ ಆ ಎರಡು ಮಾತಿನ ಮೇಲೆ. ತಮ್ಮಂಥವರು ಯಾರಾದರೂ ಸಾಯುವ ಮಾತಾಡಿದರೆ, ಟೇಲರಕ್ಕನೇ ಕೈಹಿಡಿದು ನನ್ನ ಬಾಗಿಲಿಗೆ ತಂದು ಬಿಡುತ್ತಿದ್ದರು.

ನಾನೋ, ಕುಷ್ಟಗಿ, ಯಲಬುರ್ಗಾ ಎಂದು ತಿರುಗಿ ಶಿಕ್ಷಕರಿಗೆ ಭಾಷಣ ಮಾಡುತ್ತಿದ್ದೆ: "ಮಕ್ಕಳು ತಮ್ಮನ್ನು ಗಂಡೋ ಹೆಣ್ಣೋ ಏನೆಂದು ಹೇಳಿಕೊಳ್ಳುತ್ತಾರೋ ಹಾಗೇ ಕರೆಯಿರಿ. ಒಂದು ಮಾತು ಒಂದು ಜೀವ ಉಳಿಸುತ್ತದೆ." ಚಪ್ಪಾಳೆ ಬೀಳುತ್ತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕೊಪ್ಪಳದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಈ ಕಡೆ ಮನೆಗೆ ಬಂದ ಹೆಂಗಸರನ್ನು ಉಡಿ, ನಮ್ಮ ಕಡೆಯ ಮಾತಲ್ಲಿ ಮಡಿಲು, ತುಂಬದೆ ಕಳಿಸುವುದಿಲ್ಲ. ಸಾಲಾಗಿ ಕೂತವರ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ರವಿಕೆಗೆಂದು ಕುಬಸದ ಕಣ ಹಾಕುತ್ತ ಬಂದೆ. ಕೊನೆಯಲ್ಲಿ ಟೇಲರಕ್ಕ, ಹಸಿರು ಇಳಕಲ್ ಸೀರೆಯ ಸೆರಗೊಡ್ಡಿ ಕೂತಿದ್ದರು. ಅತ್ತೆ ಏನಂದಾರು, ಓಣಿಯವರು ಏನಂದಾರು ಎಂಬುದಷ್ಟೇ ತಲೆಗೆ ಬಂತು. ಒಳಗೆ ಹೋಗಿ, ಗಂಡಸರಿಗೆಂದು ತಂದಿದ್ದ ನೀಲಿ ಗೆರೆಯ ಅಂಗಿ ಬಟ್ಟೆಯನ್ನು ಟವೆಲ್ ಸಮೇತ ತಂದು ಆ ಸೆರಗಿನಲ್ಲಿಟ್ಟೆ.

ಅವರು ಅಳತೆ ನೋಡುವಂತೆ ಬಟ್ಟೆಯ ಮೇಲೆ ಉಗುರೆಳೆದರು. "ಅಕ್ಕಾರ, ಈ ಅಂಗಿ ಯಾರಿಗಿ ಹೊಲೀಲ್ರಿ?" ದನಿಯಲ್ಲಿ ಸಿಟ್ಟಿರಲಿಲ್ಲ. ನಾನು "ಊಟ ಮಾಡಿ ಹೋಗಿ" ಎಂದೆ.

ಸಂಜೆ ಅತ್ತೆ ಉಳಿದ ಕಣಗಳನ್ನು ಮಡಚುತ್ತ ಕೇಳಿದರು: "ಟೇಲರವ್ವಗ ಉಡಿ ತುಂಬಿದ್ಯಲಾ? ಆಕಿ ಹೊಲ್ದ ಕುಬಸಾನ ತೊಟ್ಟೀನಿ ನೋಡು." ಹೂಂ ಎಂದೆ. ಅತ್ತೆಯ ಮೇಲೆ ಹೊರಿಸಬಹುದಾಗಿದ್ದ ತಪ್ಪೂ ನನ್ನ ತಲೆಗೇ ಬಂತು.

ಮುಂದೆ ನನ್ನ ಕೆಲಸ ಕೊಪ್ಪಳದಲ್ಲೇ ಆಯಿತು. ಅವರ ಮುಖ ನೋಡುವುದು ತಪ್ಪಿತೆಂದು ಹಿಗ್ಗಿದೆ, ನಾಚಿಕೆಗೇಡಿ. ಟೇಲರಕ್ಕ ಮಾತ್ರ ಜನರನ್ನು ಕಳಿಸುತ್ತಲೇ ಇದ್ದರು. ಮೂರು ವರ್ಷದ ಮೇಲೆ ಒಬ್ಬ ಬಂದ. ಮನೆಯವರು ಹೆಣ್ಣೆಂದು ಬೆಳೆಸಿದ್ದರು. ತಾನು ಗಂಡೆಂಬುದು ಅವನಿಗೆ ಗೊತ್ತಿತ್ತು. ಅವನ ಉಳಿದ ಮಾತು ನನ್ನ ಕೋಣೆ ದಾಟುವಂತಿಲ್ಲ. ಅಂಗಿಯ ವಿಷಯ ಬರೆಯಲೇ ಎಂದು ಕೇಳಿದ್ದೇನೆ, "ಬರೀರಿ" ಅಂದಿದ್ದಾನೆ.

ಮೈಮೇಲೆ ಅದೇ ನೀಲಿ ಗೆರೆ. "ಟೇಲರಕ್ಕ ಹೊಲ್ದು ಕೊಟ್ಟಾರ್ರಿ," ಎಂದು ತೋಳು ಸವರಿಕೊಂಡ. "ನಂದು ಅಂತ ಹಾಕ್ಕೊಂಡ ಮೊದಲ್ನೇ ಅಂಗಿ. ಬಟ್ಟಿ ಎಲ್ಲೀದು ಅಂದ್ರ, ನಿನ್ನ ಸಲುವಾಗಿ ಕೊಪ್ಪಳದ ಅಕ್ಕಾರು ಕೊಟ್ಟಿದ್ದು ಅಂದ್ರು."

ಅಂದೇ ಟೇಲರಕ್ಕನಿಗೆಂದು ಒಂದು ಹಸಿರು ಕಣ ಕೊಂಡು ಬ್ಯಾಗಿನಲ್ಲಿಟ್ಟೆ. ಎರಡು ಸಲ ಗಂಗಾವತಿಗೆ ಹೋದೆ. ಎರಡು ಸಲವೂ ಅವರ ಓಣಿಗೆ ಕಾಲಿಡದೆ ಬಸ್ಸು ಹತ್ತಿದೆ. ಕಳೆದ ವರ್ಷ ಅವನ ಫೋನು ಬಂತು: "ಟೇಲರಕ್ಕ ತೀರ್ಕೊಂಡ್ರರಿ. ಮಣ್ಣಿಗಿ ಒಯ್ಯೂ ಮೊದ್ಲ ಓಣ್ಯಾಗಿನ ಹೆಣ್ಮಕ್ಕಳು ಉಡಿ ತುಂಬಾಕ ಹತ್ಯಾರ. ಲಗೂನ ಬರ್ರಿ." ಹೊರಟವಳು ದಾರಿಯ ನಡುವೆ ಹಿಟ್ನಾಳದಲ್ಲಿ ಇಳಿದು ಮನೆಗೆ ಮರಳಿದೆ. ಆ ಹೆಂಗಸರ ನಡುವೆ ಕಣ ಹಿಡಿದು ನಿಲ್ಲುವ ಮುಖ ನನಗಿರಲಿಲ್ಲ.

ಅವನು ಇದನ್ನು ಓದುತ್ತಾನೆ. ಬಾಯಿಂದ ಹೇಳಲಾಗದ್ದನ್ನು ಬರೆದಿದ್ದೇನೆ. ಆ ಬಟ್ಟೆ ನಾನು ನಿನಗೆಂದು ಕೊಟ್ಟದ್ದಲ್ಲ, ತಮ್ಮಾ. ಟೇಲರಕ್ಕನ ಉಡಿ ತುಂಬಬೇಕಾದ ಸೆರಗಿನಲ್ಲಿ ಇಟ್ಟದ್ದು. ನಿನಗೆ ಕೊಟ್ಟವರು ಅವರೊಬ್ಬರೇ.